ಹೈಡ್ರೋಜನ್ ಯಾರ ಕಡೆ? ಮಾತ್ರೆಯೊಳಗಿನ ಬಂಧವನ್ನು ಎಕ್ಸ್‌ರೇ ಪತ್ತೆ ಮಾಡುವ ಬಗೆ

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ನೋವಿನ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಹೆಸರು ಸೆಗ್ಲೆಂಟಿಸ್. ಅದರಲ್ಲಿರುವ ಸೆಲೆಕಾಕ್ಸಿಬ್ ಮತ್ತು ಟ್ರಾಮಡಾಲ್ ಹೈಡ್ರೋಕ್ಲೋರೈಡ್ ಎರಡೂ ಹಳೆಯ ಔಷಧಗಳೇ. ಹೊಸತನ ಇದ್ದದ್ದು ಜೋಡಣೆಯಲ್ಲಿ. ಎರಡು ಪುಡಿಗಳನ್ನು ಸುಮ್ನೆ ಬೆರೆಸಿರಲಿಲ್ಲ. ಎರಡೂ ಅಣುಗಳು ಒಂದೇ ಹರಳಿನೊಳಗೆ, ಒಂದನ್ನೊಂದು ಹಿಡಿದುಕೊಂಡು, ಲೆಕ್ಕ ತಪ್ಪದ ಸಾಲಿನಲ್ಲಿ ಕೂತಿದ್ದವು. ಇಂಥ ಹರಳಿಗೆ ಕೋ-ಕ್ರಿಸ್ಟಲ್ ಎನ್ನುತ್ತಾರೆ. ಅದಕ್ಕೂ ಮೊದಲು, 2015ರಲ್ಲಿ, ಹೃದಯ ವೈಫಲ್ಯಕ್ಕೆ ಕೊಡುವ ಎಂಟ್ರೆಸ್ಟೊ ಇದೇ ದಾರಿಯಲ್ಲಿ ಬಂದಿತ್ತು.

ಇಂಥ ಸುದ್ದಿ ಓದುವವರಿಗೆ ಎರಡು ಗೊಂದಲ. ಮೊದಲನೆಯದು, ಒಂದು ಜೋಡಿಯನ್ನು ‘ಲವಣ’ ಎನ್ನುತ್ತಾರೆ, ಇನ್ನೊಂದನ್ನು ‘ಕೋ-ಕ್ರಿಸ್ಟಲ್’ ಎನ್ನುತ್ತಾರೆ. ವ್ಯತ್ಯಾಸ ಏನು, ಅದಕ್ಕೆ ಇಷ್ಟು ಬೆಲೆ ಯಾಕೆ? ಎರಡನೆಯದು, ‘ಎಕ್ಸ್‌ರೇಯಿಂದ ಹೈಡ್ರೋಜನ್ ಬಂಧ ಪತ್ತೆ’ ಎಂಬ ಮಾತು ಬರುತ್ತದೆ. ಆದರೆ ಎಕ್ಸ್‌ರೇಗೆ ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ ಅಂತ ಪಿಯುಸಿ ದಾಟಿದ ಹುಡುಗರಿಗೂ ಗೊತ್ತು. ಎರಡೂ ಮಾತು ನಿಜವೇ. ಒಂದೇ ಎಕ್ಸ್‌ರೇಯನ್ನು ಎರಡು ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ. ಒಂದು ಕೆಲಸದಲ್ಲಿ ಹೈಡ್ರೋಜನ್ ಜಾರಿಕೊಳ್ಳುತ್ತದೆ, ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಹೇಗೆ ಸಿಕ್ಕಿಬೀಳುತ್ತದೆ, ಎಲ್ಲಿ ಮತ್ತೆ ಕೈಕೊಡುತ್ತದೆ ಅನ್ನುವುದನ್ನು ಬಿಡಿಸಿ ನೋಡೋಣ.

ಈ ಬಂಧಕ್ಕೆ ಇಷ್ಟು ಮಹತ್ವ ಯಾಕೆ

ಹೈಡ್ರೋಜನ್ ಪರಮಾಣು ಒಂದು ಆಕ್ಸಿಜನ್‌ಗೋ ನೈಟ್ರೋಜನ್‌ಗೋ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಹೈಡ್ರೋಜನ್ ಮೇಲೆ ಸ್ವಲ್ಪ ಧನ ಆವೇಶ ಉಳಿಯುತ್ತದೆ. ಪಕ್ಕದ ಅಣುವಿನಲ್ಲಿ ಬಿಡುವಾಗಿರುವ ಎಲೆಕ್ಟ್ರಾನ್ ಜೋಡಿ ಇದ್ದರೆ, ಹೈಡ್ರೋಜನ್ ಅದರತ್ತ ವಾಲುತ್ತದೆ. ಈ ವಾಲುವಿಕೆಯೇ ಹೈಡ್ರೋಜನ್ ಬಂಧ. ನೀರಿನಲ್ಲಿ ಇದರ ಬಲ ಮೋಲ್‌ಗೆ ಸುಮಾರು 20 ಕಿಲೋಜೂಲ್. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವಿನ ಪಕ್ಕಾ ಬಂಧದ್ದು ಸುಮಾರು 460. ಅಂದರೆ ಇದು ದುರ್ಬಲ ಹಿಡಿತ. ಆದರೆ ಒಂದು ಹರಳಿನಲ್ಲಿ ಇಂಥವು ಕೋಟಿ ಕೋಟಿ ಇರುವುದರಿಂದ, ಹರಳು ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದನ್ನು ಬಹುಮಟ್ಟಿಗೆ ಇವೇ ತೀರ್ಮಾನಿಸುತ್ತವೆ.

ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲಿರುವ ಹರಳಿನಲ್ಲಿ ಅಣುಗಳ ಪದರಗಳು ಮಡಿಕೆ ಮಡಿಕೆಯಾಗಿ ಸೇರಿರುತ್ತವೆ. ಇನ್ನೊಂದು ರೂಪದಲ್ಲಿ ಅವೇ ಅಣುಗಳು ಚಪ್ಪಟೆ ಹಾಳೆಗಳಾಗಿ ಕೂರುತ್ತವೆ. ಹಾಳೆಗಳು ಜಾರುವುದರಿಂದ ಈ ಎರಡನೆಯ ರೂಪವನ್ನು ಒತ್ತಿ ಮಾತ್ರೆ ಮಾಡುವುದು ಸುಲಭ. ಅಣು ಒಂದೇ, ಹೈಡ್ರೋಜನ್ ಬಂಧಗಳ ಹೆಣಿಗೆ ಬೇರೆ.

ಹೆಣಿಗೆ ಬದಲಾದರೆ ಎಷ್ಟು ದೊಡ್ಡ ಪೆಟ್ಟು ಬೀಳಬಹುದು ಅನ್ನುವುದನ್ನು ರಿಟೊನಾವಿರ್ ತೋರಿಸಿತು. ಇದು ಎಚ್‌ಐವಿ ಔಷಧ, 1996ರಲ್ಲಿ ಮಾರುಕಟ್ಟೆಗೆ ಬಂದಿತು. 1998ರಲ್ಲಿ ಇದ್ದಕ್ಕಿದ್ದಂತೆ ಕ್ಯಾಪ್ಸೂಲ್‌ಗಳು ಕರಗುವ ಪರೀಕ್ಷೆಯಲ್ಲಿ ನಪಾಸಾದವು. ನೋಡಿದರೆ, ಅದುವರೆಗೆ ಯಾರಿಗೂ ಗೊತ್ತಿಲ್ಲದ ಎರಡನೇ ಹರಳು ರೂಪ ಹುಟ್ಟಿಕೊಂಡಿತ್ತು. ಅದರಲ್ಲಿ ಹೈಡ್ರೋಜನ್ ಬಂಧಗಳ ಜೋಡಣೆ ಬೇರೆ, ಸ್ಥಿರತೆ ಜಾಸ್ತಿ, ಕರಗುವುದು ಕಡಿಮೆ. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಕಾಯಿಲೆಯವರ ಕೈಗೆ ಔಷಧ ಸಿಗದ ಸ್ಥಿತಿ ಬಂದದ್ದು ಇಷ್ಟು ಸಣ್ಣ ಕಾರಣಕ್ಕೆ. ಆಮೇಲೆ ಔಷಧ ಕಂಪನಿಗಳು ಹರಳಿನ ಒಳಗನ್ನು ಹಗುರವಾಗಿ ನೋಡುವುದನ್ನು ಬಿಟ್ಟವು.

ಯಾವುದನ್ನು ಹೈಡ್ರೋಜನ್ ಬಂಧ ಎನ್ನಬೇಕು ಅನ್ನುವುದೇ ಬಹಳ ಕಾಲ ತೀರ್ಮಾನವಾಗಿರಲಿಲ್ಲ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪ್ಯಾಕ್ ಇದಕ್ಕೆ ಹೊಸ ವ್ಯಾಖ್ಯೆ ಕೊಟ್ಟದ್ದು 2011ರಲ್ಲಿ. ಆ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರದು. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ಜೊತೆಗಿದ್ದರು. ಬಂಧ ಇದೆ ಎನ್ನಲು ‘ಬಂಧ ಏರ್ಪಟ್ಟಿರುವುದಕ್ಕೆ ಪುರಾವೆ’ ಬೇಕು ಎಂದು ಆ ವ್ಯಾಖ್ಯೆ ಹೇಳುತ್ತದೆ. ಎರಡು ಪರಮಾಣು ಹತ್ತಿರ ಇವೆ ಅಂದರೆ ಸಾಲದು. ಹಾಗಾದರೆ ಪುರಾವೆ ಎಲ್ಲಿಂದ ತರುವುದು? ವಸ್ತುವಿನ ಮೇಲೆ ಬೆಳಕನ್ನೋ ಎಕ್ಸ್‌ರೇಯನ್ನೋ ಬಿಟ್ಟು, ಅದು ಯಾವ ಶಕ್ತಿಗೆ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಸ್ಕೋಪಿಗೆ ಬೆಲೆ ಬರುವುದು ಇಲ್ಲಿ.

ಎಕ್ಸ್‌ರೇ ಎಲ್ಲಿ ಎಡವುತ್ತದೆ

ಹರಳಿನ ರಚನೆ ಕಂಡುಹಿಡಿಯುವ ಮಾಮೂಲಿ ವಿಧಾನ ಎಕ್ಸ್‌ರೇ ಡಿಫ್ರಾಕ್ಷನ್. ಹರಳಿನ ಮೇಲೆ ಎಕ್ಸ್‌ರೇ ಬಿಡುತ್ತಾರೆ. ಅದು ಚದುರಿದ ರೀತಿಯಿಂದ ಪರಮಾಣುಗಳ ಜಾಗ ಲೆಕ್ಕ ಹಾಕುತ್ತಾರೆ. ಎಕ್ಸ್‌ರೇ ಚದುರುವುದು ಎಲೆಕ್ಟ್ರಾನ್‌ಗಳಿಂದ. ಆಕ್ಸಿಜನ್‌ಗೆ 8 ಎಲೆಕ್ಟ್ರಾನ್, ಕಾರ್ಬನ್‌ಗೆ 6, ಹೈಡ್ರೋಜನ್‌ಗೆ ಒಂದೇ ಒಂದು. ಆ ಒಂದೂ ಹೈಡ್ರೋಜನ್ ಸುತ್ತ ನಿಂತಿರುವುದಿಲ್ಲ, ಬಂಧದ ಕಡೆಗೆ ಸರಿದಿರುತ್ತದೆ.

ಪರಿಣಾಮ ಏನು? ಎಕ್ಸ್‌ರೇ ಹರಳು ರಚನೆಗಳಲ್ಲಿ ಆಕ್ಸಿಜನ್‌ನಿಂದ ಹೈಡ್ರೋಜನ್‌ಗೆ ದೂರ ಸಾಮಾನ್ಯವಾಗಿ 0.82ರಿಂದ 0.85 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಎಂದು ದಾಖಲಾಗುತ್ತದೆ. ನ್ಯೂಟ್ರಾನ್ ಬಳಸಿ ಅಳೆದರೆ ಅದೇ ದೂರ 0.97ರ ಆಸುಪಾಸು ಬರುತ್ತದೆ. ನ್ಯೂಟ್ರಾನ್ ನೋಡುವುದು ಪರಮಾಣುವಿನ ಬೀಜವನ್ನು, ಹಾಗಾಗಿ ಅದರ ಮಾತು ನಂಬಬಹುದು. ಆದರೆ ನ್ಯೂಟ್ರಾನ್‌ಗೆ ಪರಮಾಣು ರಿಯಾಕ್ಟರ್ ಥರದ ದೊಡ್ಡ ವ್ಯವಸ್ಥೆ ಬೇಕು, ಸಾಮಾನ್ಯವಾಗಿ ದೊಡ್ಡ, ಒಳ್ಳೆಯ ಹರಳೂ ಬೇಕು. ಔಷಧ ಕಾರ್ಖಾನೆಯಲ್ಲಿ ಸಿಗುವುದು ಪುಡಿ.

ಲವಣ ಮತ್ತು ಕೋ-ಕ್ರಿಸ್ಟಲ್ ನಡುವಿನ ಇಡೀ ಪ್ರಶ್ನೆ ನಿಂತಿರುವುದು ಈ ಹೈಡ್ರೋಜನ್ ಮೇಲೆ. ಒಂದು ಆಮ್ಲವೂ ಒಂದು ಪ್ರತ್ಯಾಮ್ಲವೂ ಹರಳಿನಲ್ಲಿ ಎದುರುಬದುರು ಕೂತಿವೆ ಅಂದುಕೊಳ್ಳಿ. ಆಮ್ಲದ ಆಕ್ಸಿಜನ್, ನಡುವೆ ಹೈಡ್ರೋಜನ್, ಆ ಕಡೆ ನೈಟ್ರೋಜನ್. ಹೈಡ್ರೋಜನ್ ಆಕ್ಸಿಜನ್ ಬಳಿಯೇ ಉಳಿದು ನೈಟ್ರೋಜನ್ ಕಡೆ ಬರೀ ವಾಲಿದ್ದರೆ ಅದು ಹೈಡ್ರೋಜನ್ ಬಂಧ, ಹರಳು ಕೋ-ಕ್ರಿಸ್ಟಲ್. ತನ್ನ ಎಲೆಕ್ಟ್ರಾನನ್ನು ಆಕ್ಸಿಜನ್ ಬಳಿಯೇ ಬಿಟ್ಟು, ಬರೀ ಪ್ರೋಟಾನ್ ಆಗಿ ನೈಟ್ರೋಜನ್‌ಗೆ ಹೋಗಿ ಅಂಟಿಕೊಂಡರೆ ಎರಡೂ ಅಣುಗಳಿಗೆ ಆವೇಶ ಬರುತ್ತದೆ, ಹರಳು ಲವಣ. ಇಷ್ಟಕ್ಕೆ ಹೈಡ್ರೋಜನ್ ಸರಿಯಬೇಕಾದ ದೂರ ಸುಮಾರು ಅರ್ಧ ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಎರಡು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಡಿಫ್ರಾಕ್ಷನ್ ಮಾಡುವವರು ಇದಕ್ಕೊಂದು ಅಡ್ಡದಾರಿ ಕಂಡುಕೊಂಡಿದ್ದಾರೆ. ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ ಎರಡು ಕಾರ್ಬನ್-ಆಕ್ಸಿಜನ್ ಬಂಧಗಳಿವೆ. ಹೈಡ್ರೋಜನ್ ಇದ್ದಾಗ ಒಂದು ಗಿಡ್ಡ, ಸುಮಾರು 1.21 ಆಂಗ್‌ಸ್ಟ್ರಾಮ್. ಇನ್ನೊಂದು ಉದ್ದ, ಸುಮಾರು 1.31. ಹೈಡ್ರೋಜನ್ ಬಿಟ್ಟು ಹೋದರೆ ಎರಡೂ ಹೆಚ್ಚುಕಡಿಮೆ 1.25ಕ್ಕೆ ಬರುತ್ತವೆ. ಒಳ್ಳೆಯ ಉಪಾಯವೇ. ಆದರೆ ಅಳತೆ 1.23 ಮತ್ತು 1.28 ಅಂತ ಬಂದರೆ? ಆಗ ಏನನ್ನೂ ಖಡಾಖಂಡಿತವಾಗಿ ಹೇಳಲು ಆಗುವುದಿಲ್ಲ.

ಹೈಡ್ರೋಜನ್ ಬಿಟ್ಟು ನೈಟ್ರೋಜನ್ ಕೇಳುವುದು

ಮನೆಯವರು ಬಾಗಿಲು ತೆಗೆಯದಿದ್ದರೆ ಪಕ್ಕದ ಮನೆಯವರನ್ನು ವಿಚಾರಿಸುತ್ತೇವೆ ಅಲ್ವಾ, ಎಕ್ಸ್‌ರೇ ಸ್ಪೆಕ್ಟ್ರೋಸ್ಕೋಪಿ ಮಾಡುವುದೂ ಅದನ್ನೇ. ಇದು ಹೈಡ್ರೋಜನ್ ಎಲ್ಲಿದೆ ಎಂದು ಹುಡುಕುವುದಿಲ್ಲ. ಪಕ್ಕದ ನೈಟ್ರೋಜನ್, ಆಕ್ಸಿಜನ್‌ಗಳ ಒಳ ಎಲೆಕ್ಟ್ರಾನ್‌ಗಳ ಮೇಲೆ ಹೈಡ್ರೋಜನ್ ಏನು ಪರಿಣಾಮ ಮಾಡಿದೆ ಎಂದು ನೋಡುತ್ತದೆ.

ಹೈಡ್ರೋಜನ್ ಬಿಟ್ಟರೆ ಉಳಿದ ಪ್ರತಿ ಪರಮಾಣುವಿನ ಬೀಜದ ಹತ್ತಿರ ಎರಡು ಎಲೆಕ್ಟ್ರಾನ್‌ಗಳು ಬಿಗಿಯಾಗಿ ಕೂತಿರುತ್ತವೆ. ಅವನ್ನು ಕಿತ್ತು ಹೊರಹಾಕಲು ಬೇಕಾಗುವ ಶಕ್ತಿ ಒಂದೊಂದು ಮೂಲವಸ್ತುವಿಗೆ ಒಂದೊಂದು. ಕಾರ್ಬನ್‌ಗೆ ಸುಮಾರು 285 ಎಲೆಕ್ಟ್ರಾನ್ ವೋಲ್ಟ್, ನೈಟ್ರೋಜನ್‌ಗೆ 400ರ ಆಸುಪಾಸು, ಆಕ್ಸಿಜನ್‌ಗೆ 530ರ ಮೇಲೆ. ಸಂಖ್ಯೆಗಳ ನಡುವೆ ಇಷ್ಟು ಅಂತರ ಇರುವುದರಿಂದ ಬೇಕಾದ ಪರಮಾಣುವನ್ನು ಮಾತ್ರ ಆರಿಸಿ ವಿಚಾರಿಸಬಹುದು.

ಒಂದು ವಿಧಾನದ ಹೆಸರು ಎಕ್ಸ್‌ಪಿಎಸ್. ಪ್ರಯೋಗಾಲಯದ ಉಪಕರಣದಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂನಿಂದ ಹೊರಡುವ 1486.6 ಎಲೆಕ್ಟ್ರಾನ್ ವೋಲ್ಟ್ ಎಕ್ಸ್‌ರೇ ಬಳಸುತ್ತಾರೆ. ಅದು ಬಡಿದಾಗ ಒಳಗಿನ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಹಾರಿದ್ದರ ಶಕ್ತಿ ಅಳೆದು, ಕೊಟ್ಟ ಶಕ್ತಿಯಿಂದ ಕಳೆದರೆ, ಅದನ್ನು ಹಿಡಿದಿಟ್ಟಿದ್ದ ಶಕ್ತಿ ಸಿಗುತ್ತದೆ. ನೈಟ್ರೋಜನ್‌ಗೆ ಪ್ರೋಟಾನ್ ಬಂದು ಅಂಟಿದರೆ ಅದರ ಮೇಲೆ ಧನ ಆವೇಶ ಬರುತ್ತದೆ. ಆಗ ಒಳ ಎಲೆಕ್ಟ್ರಾನನ್ನು ಕೀಳುವುದು ಇನ್ನೂ ಕಷ್ಟ. ಹಿಡಿತದ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಏರುತ್ತದೆ. ಬರೀ ಹೈಡ್ರೋಜನ್ ಬಂಧ ಇದ್ದರೂ ಏರುತ್ತದೆ, ಆದರೆ ಅದಕ್ಕಿಂತ ಬಹಳ ಕಡಿಮೆ.

ಒಳ ಎಲೆಕ್ಟ್ರಾನ್‌ನ ಶಕ್ತಿ ಸುತ್ತಲಿನ ರಸಾಯನಕ್ಕೆ ತಕ್ಕಂತೆ ಸರಿಯುತ್ತದೆ ಎಂಬುದನ್ನು ಒಂದು ಅಳತೆಗೋಲಾಗಿ ಬೆಳೆಸಿದವರು ಸ್ವೀಡನ್ನಿನ ಉಪ್ಸಾಲಾದ ಕಾಯ್ ಸೀಗ್‌ಬಾನ್. 1981ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅವರ ತಂದೆ ಮಾನೆ ಸೀಗ್‌ಬಾನ್‌ಗೆ ಎಕ್ಸ್‌ರೇ ಸ್ಪೆಕ್ಟ್ರೋಸ್ಕೋಪಿಗೇ 1924ರ ನೊಬೆಲ್ ಬಂದಿತ್ತು.

ಇನ್ನೊಂದು ವಿಧಾನ ನೆಕ್ಸಾಫ್ಸ್. ಇಲ್ಲಿ ಒಳ ಎಲೆಕ್ಟ್ರಾನನ್ನು ಪೂರ್ತಿ ಹೊರಹಾಕುವುದಿಲ್ಲ, ಅದೇ ಅಣುವಿನ ಖಾಲಿ ಕಕ್ಷೆಗೆ ಏರಿಸುತ್ತಾರೆ. ಯಾವ ಶಕ್ತಿಯಲ್ಲಿ ಎಕ್ಸ್‌ರೇ ಹೀರಲ್ಪಟ್ಟಿತು ಎಂದು ನೋಡುತ್ತಾರೆ. ಖಾಲಿ ಕಕ್ಷೆಗಳು ಅಣುವಿನ ಹೊರಮೈಯಲ್ಲಿ ಚಾಚಿಕೊಂಡಿರುತ್ತವೆ. ಹೈಡ್ರೋಜನ್ ಬಂಧ ಆಗುವ ಜಾಗವೂ ಅದೇ. ಹಾಗಾಗಿ ಬಂಧ ಸ್ವಲ್ಪ ಬಾಗಿದರೂ, ಸ್ವಲ್ಪ ಉದ್ದವಾದರೂ ಸ್ಪೆಕ್ಟ್ರಮ್‌ನ, ಅಂದರೆ ಒಂದೊಂದು ಶಕ್ತಿಗೆ ಬಂದ ಅಳತೆಯ ನಕ್ಷೆಯ, ಆಕಾರ ಬದಲಾಗುತ್ತದೆ. ತೊಂದರೆ ಏನೆಂದರೆ, ಇದಕ್ಕೆ ಎಕ್ಸ್‌ರೇ ಶಕ್ತಿಯನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುತ್ತಾ ಹೋಗಬೇಕು. ಅದು ಸಾಮಾನ್ಯವಾಗಿ ಸಿಂಕ್ರೋಟ್ರಾನ್‌ನಲ್ಲೇ, ಅಂದರೆ ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಓಡಿಸಿ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರದಲ್ಲೇ, ಆಗಬೇಕಾದ ಕೆಲಸ. ಭಾರತದಲ್ಲಿ ಇಂದೋರ್‌ನ ಇಂಡಸ್-2 ಇದೆ, 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನದು.

ಥಿಯೋಫಿಲಿನ್ ಹತ್ತಿರದಿಂದ

ಇದೆಲ್ಲ ಕಾಗದದ ಮೇಲೆ ಹೇಗೆ ಕಾಣುತ್ತದೆ? ಥಿಯೋಫಿಲಿನ್ ಒಳ್ಳೆಯ ಉದಾಹರಣೆ. ಇದು ಆಸ್ತಮಾಕ್ಕೆ ಕೊಡುವ ಹಳೆಯ ಔಷಧ, ಕೆಫೀನ್‌ನ ಹತ್ತಿರದ ನೆಂಟ. ಬ್ರಿಟನ್ನಿನಲ್ಲಿ ಸ್ವೆನ್ ಶ್ರೋಡರ್ ಮತ್ತು ಜೋವಾನಾ ಸ್ಟೀವನ್ಸ್ ಅವರ ತಂಡ 2010ರ ಸುಮಾರಿಗೆ ಇಂಥ ಹರಳುಗಳನ್ನು ಎಕ್ಸ್‌ಪಿಎಸ್‌ನಲ್ಲಿಟ್ಟು, ಲವಣ ಯಾವುದು ಕೋ-ಕ್ರಿಸ್ಟಲ್ ಯಾವುದು ಎಂದು ವಿಂಗಡಿಸಿ ತೋರಿಸಿತು.

ಥಿಯೋಫಿಲಿನ್‌ನಲ್ಲಿ ನಾಲ್ಕು ನೈಟ್ರೋಜನ್ ಇವೆ. ಮೂರು ಒಂದು ಥರ: ಅವುಗಳ ಎಲೆಕ್ಟ್ರಾನ್ ಜೋಡಿ ಉಂಗುರದೊಳಗೆ ಹಂಚಿಹೋಗಿದೆ. ನಾಲ್ಕನೆಯದರ ಜೋಡಿ ಬಿಡುವಾಗಿದೆ. ಪ್ರೋಟಾನ್ ಬಂದರೆ ಕೂರುವ ಜಾಗ ಇದೇ. ಹಾಗಾಗಿ ನೈಟ್ರೋಜನ್ ಸ್ಪೆಕ್ಟ್ರಮ್‌ನಲ್ಲಿ ಎರಡು ಗುಡ್ಡ ಕಾಣುತ್ತವೆ. ದೊಡ್ಡದು ಆ ಮೂರರದ್ದು. ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಇರುವ ಸಣ್ಣದು ನಾಲ್ಕನೆಯದರದ್ದು.

ಈಗ ಥಿಯೋಫಿಲಿನ್ ಜೊತೆ ಸಿಟ್ರಿಕ್ ಆಮ್ಲ ಸೇರಿಸಿ ಹರಳು ಮಾಡಿದರೆ, ಸಿಟ್ರಿಕ್ ಆಮ್ಲ ತನ್ನ ಪ್ರೋಟಾನನ್ನು ಬಿಟ್ಟುಕೊಡುವಷ್ಟು ಪ್ರಬಲವಲ್ಲ. ಹೈಡ್ರೋಜನ್ ಬಂಧ ಮಾತ್ರ ಆಗುತ್ತದೆ. ಸಣ್ಣ ಗುಡ್ಡ ತನ್ನ ಜಾಗದಲ್ಲೇ ಉಳಿಯುತ್ತದೆ. ಇದು ಕೋ-ಕ್ರಿಸ್ಟಲ್. ಅದೇ ಸಲ್ಫೋಸ್ಯಾಲಿಸಿಲಿಕ್ ಆಮ್ಲ ಸೇರಿಸಿದರೆ, ಅದು ಬಹಳ ಪ್ರಬಲ ಆಮ್ಲ, ಪ್ರೋಟಾನ್ ಥಿಯೋಫಿಲಿನ್‌ಗೆ ದಾಟುತ್ತದೆ. ಸಣ್ಣ ಗುಡ್ಡ ಆ ಜಾಗದಿಂದ ಮಾಯವಾಗಿ, ಮೇಲಿನ ಶಕ್ತಿಗೆ ಹೋಗಿ ದೊಡ್ಡದರೊಳಗೆ ಸೇರಿಕೊಳ್ಳುತ್ತದೆ. ಇದು ಲವಣ. ಇದಕ್ಕೆ ಒಂಟಿ ಹರಳು ಬೇಕಿಲ್ಲ, ಪುಡಿ ಇದ್ದರೆ ಸಾಕು. ಡಿಫ್ರಾಕ್ಷನ್‌ಗೆ ಕಷ್ಟವಾದ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರ ಸಿಕ್ಕದ್ದು ನಿಜಕ್ಕೂ ಸೊಗಸಾದ ಕೆಲಸ.

ಗೆರೆ ಎಲ್ಲಿ ಎಳೆಯಬೇಕು

ಎಲ್ಲ ಜೋಡಿಗಳೂ ಇಷ್ಟು ನೇರವಾಗಿದ್ದರೆ ಚರ್ಚೆಯೇ ಇರುತ್ತಿರಲಿಲ್ಲ. ಪ್ರೋಟಾನ್ ದಾಟುತ್ತದೋ ಇಲ್ಲವೋ ಎಂದು ಅಂದಾಜು ಮಾಡಲು ರಸಾಯನಶಾಸ್ತ್ರಜ್ಞರು ಪಿಕೆಎ ಎಂಬ ಸಂಖ್ಯೆ ಬಳಸುತ್ತಾರೆ. ಪ್ರೋಟಾನ್ ಮೇಲಿನ ಹಿಡಿತ ಎಷ್ಟು ಗಟ್ಟಿ ಎಂದು ಅದು ಹೇಳುತ್ತದೆ. ಪ್ರತ್ಯಾಮ್ಲದ ಪಿಕೆಎಯಿಂದ ಆಮ್ಲದ ಪಿಕೆಎ ಕಳೆಯಬೇಕು. ವ್ಯತ್ಯಾಸ ದೊಡ್ಡದಾಗಿದ್ದರೆ ಲವಣ, ಸೊನ್ನೆಗಿಂತ ಸಾಕಷ್ಟು ಕೆಳಗಿದ್ದರೆ ಕೋ-ಕ್ರಿಸ್ಟಲ್.

2018ರಲ್ಲಿ ಎಫ್‌ಡಿಎ ಹೊರಡಿಸಿದ ಮಾರ್ಗಸೂಚಿ ಈ ಗೆರೆಯನ್ನು 1ರಲ್ಲಿ ಎಳೆದಿದೆ. ವ್ಯತ್ಯಾಸ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ರೋಟಾನ್ ದಾಟಿರುತ್ತದೆ ಎಂದು ಎಣಿಸಿ ಲವಣ, ಕಡಿಮೆ ಇದ್ದರೆ ಕೋ-ಕ್ರಿಸ್ಟಲ್. ಈ ಲೆಕ್ಕ ತಮ್ಮ ಹರಳಿಗೆ ಹೊಂದುವುದಿಲ್ಲ ಎಂದು ಕಂಪನಿ ಹೇಳುವುದಾದರೆ, ಸ್ಪೆಕ್ಟ್ರೋಸ್ಕೋಪಿ ಮತ್ತು ಬೇರೆ ಸ್ವತಂತ್ರ ವಿಧಾನಗಳಿಂದ ಪುರಾವೆ ತರಬೇಕು.

ಆದರೆ ನಿಜವಾದ ಹರಳುಗಳು ಏನು ಹೇಳುತ್ತವೆ? ಔರೋರಾ ಕ್ರೂಸ್-ಕಬೇಸಾ 2012ರಲ್ಲಿ 6,465 ಆಮ್ಲ-ಪ್ರತ್ಯಾಮ್ಲ ಹರಳುಗಳನ್ನು ಹರಳು ರಚನೆಗಳ ಕೇಂಬ್ರಿಜ್ ದತ್ತಾಂಶ ಸಂಗ್ರಹದಿಂದ ತೆಗೆದು ಲೆಕ್ಕ ಹಾಕಿದರು. ವ್ಯತ್ಯಾಸ 4 ದಾಟಿದರೆ ಹೆಚ್ಚುಕಡಿಮೆ ಎಲ್ಲವೂ ಲವಣ. ಮೈನಸ್ 1ಕ್ಕಿಂತ ಕೆಳಗೆ ಹೆಚ್ಚುಕಡಿಮೆ ಎಲ್ಲವೂ ಕೋ-ಕ್ರಿಸ್ಟಲ್. ನಡುವೆ ಮಾತ್ರ ಪ್ರತಿ ಒಂದು ಅಂಕಕ್ಕೆ ಲವಣವಾಗುವ ಸಾಧ್ಯತೆ ಶೇ 17ರಷ್ಟು ಏರುತ್ತಾ ಹೋಗುತ್ತದೆ. ಆ ಲೆಕ್ಕದ ಪ್ರಕಾರ ವ್ಯತ್ಯಾಸ ಸರಿಯಾಗಿ 1 ಇದ್ದಾಗ ಲವಣವಾಗುವ ಸಾಧ್ಯತೆ ಶೇ 45ರ ಸುಮಾರು. ಅಂದರೆ ನಿಯಂತ್ರಣ ಸಂಸ್ಥೆ ಗೆರೆ ಎಳೆದಿರುವುದು, ಎರಡೂ ಹೆಚ್ಚುಕಡಿಮೆ ಸಮ ಸಮ ಇರುವ ಜಾಗದಲ್ಲಿ. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಅದು ಒಪ್ಪುವ ಮಾತು. ಆದರೆ ಈ ಜಾಗದಲ್ಲಿ ಬರೀ ಪಿಕೆಎ ನೋಡಿ ಹೆಸರು ಕೊಟ್ಟರೆ ತಪ್ಪುವ ಸಂಭವ ಬಹಳ ಜಾಸ್ತಿ.

ಕಾರಣವೂ ಸ್ಪಷ್ಟ. ಪಿಕೆಎ ಅಳೆಯುವುದು ನೀರಿನಲ್ಲಿ. ಆವೇಶ ಬಂದ ಅಣುಗಳನ್ನು ನೀರು ಸುತ್ತುವರಿದು ಸಮಾಧಾನ ಮಾಡುತ್ತದೆ. ಹರಳಿನಲ್ಲಿ ನೀರಿನ ಆ ಆಸರೆ ಇಲ್ಲ. ಅಲ್ಲಿ ಪ್ರೋಟಾನ್ ಎಲ್ಲಿರಬೇಕು ಎಂದು ತೀರ್ಮಾನಿಸುವುದು ಪಕ್ಕದ ಅಣುಗಳು, ಅವುಗಳ ದೂರ, ಕೋನ.

ನಡುವಿನ ಹರಳುಗಳು

ಇಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರ ಪ್ರಕಾರ ಲವಣ, ಕೋ-ಕ್ರಿಸ್ಟಲ್ ಎರಡು ಬೇರೆ ಜಾತಿ. ಸರಿಯಾದ ಉಪಕರಣ ಇದ್ದರೆ ಯಾವ ಹರಳು ಯಾವುದಕ್ಕೆ ಸೇರುತ್ತದೆ ಎಂದು ಹೇಳಬಹುದು. ಇನ್ನೊಂದು ಪಕ್ಷದವರು ಇದು ಇಳಿಜಾರು, ಮೆಟ್ಟಿಲಲ್ಲ ಎನ್ನುತ್ತಾರೆ. 2007ರಲ್ಲಿ ಸ್ಕಾಟ್ ಚೈಲ್ಡ್ಸ್ ಮತ್ತು ಸಂಗಡಿಗರು ಇದನ್ನು ‘ಲವಣ-ಕೋ-ಕ್ರಿಸ್ಟಲ್ ನಿರಂತರತೆ’ ಎಂದೇ ಕರೆದರು.

ಎರಡನೇ ಪಕ್ಷಕ್ಕೆ ಗಟ್ಟಿ ಆಧಾರ ಕೊಡುವ ಹರಳುಗಳು ಇವೆ. ಪೆಂಟಾಕ್ಲೋರೋಫೀನಾಲ್ ಮತ್ತು ಮೀಥೈಲ್ ಪಿರಿಡಿನ್ ಸೇರಿ ಆದ ಹರಳಿನಲ್ಲಿ ಪ್ರೋಟಾನ್ ಆಕ್ಸಿಜನ್-ನೈಟ್ರೋಜನ್ ನಡುವೆ ಒಂದೇ ಕಡೆ ನಿಲ್ಲುವುದಿಲ್ಲ. ತಂಪು ಮಾಡುತ್ತಾ ಹೋದರೆ ನೈಟ್ರೋಜನ್ ಕಡೆ ಸರಿಯುತ್ತದೆ, ದಾರಿಯಲ್ಲಿ ಒಮ್ಮೆ ಸರಿಯಾಗಿ ಮಧ್ಯಕ್ಕೆ ಬರುತ್ತದೆ. ಇದನ್ನು 2001ರಲ್ಲಿ ನ್ಯೂಟ್ರಾನ್ ಬಳಸಿ ತೋರಿಸಿದರು. ಇಂಥ ಹರಳು ಬೇಸಿಗೆಯಲ್ಲಿ ಒಂದು, ಚಳಿಯಲ್ಲಿ ಇನ್ನೊಂದು ಎನ್ನೋಣವೇ?

ಎಕ್ಸ್‌ರೇ ಸ್ಪೆಕ್ಟ್ರೋಸ್ಕೋಪಿಗೆ ಇಲ್ಲಿ ಒಂದು ವಿಶೇಷ ಶಕ್ತಿ ಇದೆ. ಅದು ವೇಗ. ಡಿಫ್ರಾಕ್ಷನ್ ಕೊಡುವುದು ಕೋಟ್ಯಂತರ ಅಣುಗಳ ಸರಾಸರಿ. ಅರ್ಧ ಪ್ರೋಟಾನ್‌ಗಳು ಈ ಕಡೆ, ಅರ್ಧ ಆ ಕಡೆ ಇದ್ದರೂ, ಎಲ್ಲವೂ ನಡುವೆ ಇದ್ದರೂ ಅದಕ್ಕೆ ಬಹುತೇಕ ಒಂದೇ ಥರ ಕಾಣಬಹುದು. ಎಕ್ಸ್‌ಪಿಎಸ್‌ನಲ್ಲಿ ಎಲೆಕ್ಟ್ರಾನ್ ಹೊರಬೀಳುವುದು ಪ್ರೋಟಾನ್ ಜಿಗಿಯುವುದಕ್ಕಿಂತ ಬೇಗ. ಹಾಗಾಗಿ ಅರ್ಧರ್ಧ ಇದ್ದರೆ ಎರಡು ಗುಡ್ಡ, ಎಲ್ಲವೂ ನಡುವೆ ಇದ್ದರೆ ಒಂದೇ ಗುಡ್ಡ, ಅದೂ ಮಧ್ಯದ ಶಕ್ತಿಯಲ್ಲಿ. ಇಳಿಜಾರೋ ಮೆಟ್ಟಿಲೋ ಎಂಬ ಜಗಳಕ್ಕೆ ಈ ವ್ಯತ್ಯಾಸವೇ ತೀರ್ಪು ಕೊಡಬಲ್ಲದು.

ಮಿತಿಯೂ ಇದೆ. ಔಷಧದ ಪುಡಿ ವಿದ್ಯುತ್ ಹರಿಸುವುದಿಲ್ಲ. ಎಲೆಕ್ಟ್ರಾನ್‌ಗಳು ಹೊರಹೋದಂತೆ ಪುಡಿಯ ಮೇಲೆ ಆವೇಶ ಸೇರುತ್ತದೆ, ಇಡೀ ಸ್ಪೆಕ್ಟ್ರಮ್ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಸರಿಪಡಿಸಲು ಸಾಮಾನ್ಯವಾಗಿ ಮೇಲ್ಮೈಗೆ ಅಂಟಿರುವ ಹೈಡ್ರೋಕಾರ್ಬನ್ ಕೊಳೆಯ ಗುಡ್ಡವನ್ನು 285ರ ಹತ್ತಿರ ಇಟ್ಟು ಅಳೆಯುತ್ತಾರೆ. ಈ ಹೊಂದಾಣಿಕೆಯಲ್ಲೇ ಎಲೆಕ್ಟ್ರಾನ್ ವೋಲ್ಟ್‌ನ ಹತ್ತನೇ ಒಂದೆರಡು ಭಾಗ ಹೆಚ್ಚುಕಡಿಮೆ ಆಗಬಹುದು. ಪ್ರೋಟಾನ್ ದಾಟಿದಾಗಿನ 2 ಎಲೆಕ್ಟ್ರಾನ್ ವೋಲ್ಟ್ ಬದಲಾವಣೆಗೆ ಇದು ಲೆಕ್ಕಕ್ಕಿಲ್ಲ. ಆದರೆ ದುರ್ಬಲ ಹೈಡ್ರೋಜನ್ ಬಂಧದ ಬದಲಾವಣೆಯೇ ಇಷ್ಟಿದ್ದರೆ? ಅದಕ್ಕೇ ಜಾಣರು ಒಂದೇ ಪುಡಿಯೊಳಗಿನ ಎರಡು ನೈಟ್ರೋಜನ್ ಗುಡ್ಡಗಳ ನಡುವಿನ ಅಂತರ ನೋಡುತ್ತಾರೆ. ಸ್ಪೆಕ್ಟ್ರಮ್ ಪೂರ್ತಿ ಸರಿದರೂ ಅಂತರ ಬದಲಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಎಕ್ಸ್‌ಪಿಎಸ್ ನೋಡುವುದು ಮೇಲಿನ ಹತ್ತು ನ್ಯಾನೋಮೀಟರ್ ಒಳಗಿನದ್ದನ್ನು, ಅದೂ ನಿರ್ವಾತದಲ್ಲಿ. ನೀರು ಹಿಡಿದ ಹರಳು ನಿರ್ವಾತದಲ್ಲಿ ಒಣಗಿ ಬೇರೆ ರೂಪ ತಾಳಬಹುದು.

ನೀರಿನ ಜಗಳದ ಪಾಠ

ಸ್ಪೆಕ್ಟ್ರಮ್ ಎಲ್ಲರಿಗೂ ಒಂದೇ. ಅದನ್ನು ಓದುವುದು ಹೇಗೆ ಎಂಬುದರಲ್ಲೇ ಭಿನ್ನಾಭಿಪ್ರಾಯ. ಇದರ ಅತಿ ದೊಡ್ಡ ಉದಾಹರಣೆ ಸಾವಯವ ಅಣುವಿನದ್ದಲ್ಲ, ನೀರಿನದ್ದು. ಆದರೂ ಇಲ್ಲಿ ಹೇಳಲೇಬೇಕು.

2004ರಲ್ಲಿ ಆಂಡರ್ಸ್ ನಿಲ್ಸನ್, ಲಾರ್ಸ್ ಪೆಟರ್ಸನ್ ಮತ್ತು ಸಂಗಡಿಗರು ನೀರಿನ ಎಕ್ಸ್‌ರೇ ಹೀರಿಕೆಯನ್ನು ಅಳೆದರು. 535 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಒಂದು ಚಿಕ್ಕ ಗುಡ್ಡ ಇತ್ತು. ಅದು ಮುರಿದ ಅಥವಾ ಬಾಗಿದ ಹೈಡ್ರೋಜನ್ ಬಂಧಗಳ ಗುರುತು ಎಂದರು. ಅದರಿಂದ ಲೆಕ್ಕ ಹಾಕಿ, ನೀರಿನ ಹೆಚ್ಚಿನ ಅಣುಗಳಿಗೆ ನಾಲ್ಕಲ್ಲ, ಎರಡೇ ಗಟ್ಟಿ ಬಂಧ ಎಂದು ಸಾರಿದರು. ಪಠ್ಯಪುಸ್ತಕದ ಚಿತ್ರವೇ ತಲೆಕೆಳಗಾಗುವ ಮಾತು. ಅದೇ ವರ್ಷ ಬರ್ಕ್ಲಿಯ ರಿಚರ್ಡ್ ಸೈಕಲಿ ತಂಡ ಅದೇ ಥರದ ಅಳತೆ ಮಾಡಿ ತೀರ ಬೇರೆ ಅರ್ಥ ಕೊಟ್ಟಿತು. ಬಂಧ ಸ್ವಲ್ಪ ಬಾಗಿದರೂ ಆ ಗುಡ್ಡ ಬರುತ್ತದೆ, ಅದಕ್ಕೆ ಬಂಧ ಮುರಿದಿದೆ ಎನ್ನಬೇಕಿಲ್ಲ ಎಂಬುದು ಅವರ ವಾದ.

ಭಿನ್ನಾಭಿಪ್ರಾಯದ ಬೇರು ಇರುವುದು ವಿಧಾನದಲ್ಲೇ. ಒಳ ಎಲೆಕ್ಟ್ರಾನನ್ನು ಕಿತ್ತಾಗ ಪರಮಾಣುವಿನಲ್ಲಿ ಒಂದು ತೆರವು ಉಂಟಾಗುತ್ತದೆ. ಆಕ್ಸಿಜನ್‌ನಲ್ಲಿ ಅದು ಸುಮಾರು 4 ಫೆಮ್ಟೋಸೆಕೆಂಡ್ ಉಳಿಯುತ್ತದೆ. ಅಷ್ಟರಲ್ಲಿ ಹಗುರವಾದ ಹೈಡ್ರೋಜನ್ ಅಲುಗಾಡಿಬಿಡಬಹುದು. ತೆರವು ತುಂಬಿಕೊಳ್ಳುವಾಗ ಹೊರಬರುವ ಎಕ್ಸ್‌ರೇಯನ್ನು ನೋಡುವ ವಿಧಾನದಲ್ಲಿ ಈ ತಲೆನೋವು ಇನ್ನೂ ಜಾಸ್ತಿ. 2008ರಲ್ಲಿ ನೀರಿನಲ್ಲಿ ಕಂಡ ಒಡೆದ ಗುಡ್ಡಕ್ಕೆ ಒಂದು ತಂಡ ‘ಎರಡು ಥರದ ನೀರು’ ಎಂದು ಕಾರಣ ಕೊಟ್ಟಿತು. ಇನ್ನೊಂದು ತಂಡ, ಎಕ್ಸ್‌ರೇ ಬಡಿದ ಮೇಲೆ ಅಣು ಒಡೆಯುವುದೇ ಕಾರಣ ಎಂದಿತು. ಹೈಡ್ರೋಜನ್ ಬದಲು ಎರಡರಷ್ಟು ಭಾರದ ಡ್ಯುಟೀರಿಯಂ ಹಾಕಿದಾಗ ಗುಡ್ಡಗಳ ಎತ್ತರ ಬದಲಾಗುತ್ತದೆ. ಹಾಗಾಗಿ ಅಲುಗಾಟದ ಪಾತ್ರ ಇದ್ದೇ ಇದೆ. ಎಷ್ಟು ಪಾಲು ಎಂಬುದರ ಮೇಲೆ ಚರ್ಚೆ.

ಅಂದಹಾಗೆ, ನೀರು ಎರಡು ಥರದ ರಚನೆಗಳ ಮಿಶ್ರಣ ಎಂದು 1892ರಷ್ಟು ಹಿಂದೆಯೇ ಹೇಳಿದವರು ವಿಲ್ಹೆಲ್ಮ್ ರಾಂಟ್ಜೆನ್. ಮೂರು ವರ್ಷ ಬಿಟ್ಟು ಎಕ್ಸ್‌ರೇ ಕಂಡುಹಿಡಿದವರೂ ಅವರೇ.

ಸಾವಯವ ದ್ರವಗಳಲ್ಲಿ ಇದೇ ವಿಧಾನ ಸ್ವಲ್ಪ ನೆಮ್ಮದಿ ಕೊಟ್ಟಿದೆ. 2003ರಲ್ಲಿ ಮೆಥನಾಲ್ ಮೇಲೆ ನಡೆದ ಅಧ್ಯಯನ, ಅದರ ಅಣುಗಳು ಆರು, ಎಂಟು ಸೇರಿ ಸರಪಳಿ, ಉಂಗುರ ಕಟ್ಟುತ್ತವೆ ಎಂದು ಸೂಚಿಸಿತು. ನೀರು ಬೆರೆಸಿದರೂ ಅವು ಪೂರ್ತಿ ಚದುರುವುದಿಲ್ಲ. 2005ರಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ ಸೈಕಲಿ ತಂಡ ಮಾಡಿದ ಕೆಲಸದಲ್ಲಿ, ದ್ರಾವಣದ ಪಿಎಚ್ ಬದಲಿಸಿದಾಗ ನೈಟ್ರೋಜನ್ ಸ್ಪೆಕ್ಟ್ರಮ್ ಬದಲಾಗುವುದು ಚೆನ್ನಾಗಿ ಕಂಡಿತು. ಪ್ರೋಟಾನ್ ಬಿಟ್ಟುಹೋದ ನೈಟ್ರೋಜನ್‌ಗೆ ಅದರದ್ದೇ ಗುರುತು ಇತ್ತು. ಪ್ರೋಟಾನ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ದಿಟ್ಟವಾಗಿ ಬರುತ್ತದೆ, ಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಅಳುಕುತ್ತಾ ಬರುತ್ತದೆ. ಸುದ್ದಿ ಓದುವಾಗ ಈ ಎರಡನ್ನು ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಯಾರಿಗೆ ಏನು ಪರಿಣಾಮ

ಅಮೆರಿಕದಲ್ಲಿ ಜೆನೆರಿಕ್ ಔಷಧ ಮಾರಬೇಕಾದರೆ ಮೂಲ ಔಷಧದಲ್ಲಿರುವ ಸಕ್ರಿಯ ವಸ್ತುವೇ ಇರಬೇಕು. ಮೂಲ ಔಷಧ ಒಂದು ಲವಣವಾಗಿದ್ದರೆ ಅದೇ ಲವಣ ಬೇಕು. ಕೋ-ಕ್ರಿಸ್ಟಲ್ ಆದರೆ ಹಾಗಲ್ಲ. 2018ರ ಮಾರ್ಗಸೂಚಿ ಅದನ್ನು ಹೊಸ ಸಕ್ರಿಯ ವಸ್ತು ಎಂದು ಎಣಿಸುವುದಿಲ್ಲ, ಅದೇ ಔಷಧದ ಇನ್ನೊಂದು ಹರಳು ರೂಪದಂತೆ ನೋಡುತ್ತದೆ. ಹಾಗಾಗಿ ಪ್ರೋಟಾನ್ ಅರ್ಧ ಆಂಗ್‌ಸ್ಟ್ರಾಮ್ ಆ ಕಡೆಯೋ ಈ ಕಡೆಯೋ ಅನ್ನುವುದು, ಯಾರು ಯಾವ ಅರ್ಜಿ ಹಾಕಬಹುದು ಅನ್ನುವುದನ್ನು ತೀರ್ಮಾನಿಸುತ್ತದೆ. ಅಮೆರಿಕಕ್ಕೆ ಜೆನೆರಿಕ್ ಕಳಿಸುವ ಭಾರತದ ಕಂಪನಿಗಳಿಗೆ ಇದು ದೂರದ ವಿಷಯವಲ್ಲ. ಯುರೋಪಿನ ನಿಯಂತ್ರಣ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಟಿಪ್ಪಣಿಯಲ್ಲಿ ಕೋ-ಕ್ರಿಸ್ಟಲ್‌ಗಳನ್ನು ಲವಣಗಳ ಹತ್ತಿರವೇ ಇಟ್ಟು ನೋಡಿತು. ಅಲ್ಲಿ ಗೆರೆಯ ತೂಕ ಸ್ವಲ್ಪ ಕಡಿಮೆ.

ಭಾರತದ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಹೆಚ್ಚಿದೆ ಎಂದು ತೋರಿಸದ ಹೊರತು ಪೇಟೆಂಟ್ ಇಲ್ಲ. 2013ರಲ್ಲಿ ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದನ್ನೇ. ಆ ಕಲಮಿನ ವಿವರಣೆಯಲ್ಲಿ ಲವಣ, ಹರಳು ರೂಪಗಳು, ಸಂಕೀರ್ಣಗಳು, ಸಂಯೋಜನೆಗಳು ಎಲ್ಲ ಪಟ್ಟಿಯಾಗಿವೆ. ಕೋ-ಕ್ರಿಸ್ಟಲ್ ಹೆಸರಿಲ್ಲದಿದ್ದರೂ ಅದು ಈ ಬಲೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ನಮ್ಮಲ್ಲಿ ಪ್ರೋಟಾನ್ ಎಲ್ಲಿದೆ ಎಂಬುದಕ್ಕಿಂತ, ಕಾಯಿಲೆಯವರಿಗೆ ಅದರಿಂದ ಏನು ಲಾಭ ಎಂಬ ಪ್ರಶ್ನೆಗೆ ತೂಕ ಜಾಸ್ತಿ. ಅದು ಆಗಬೇಕಾದದ್ದೇ.

ತಾಂತ್ರಿಕವಾಗಿ ಈಗ ಕೊರತೆ ಇರುವುದು ಒಂದು ಕಡೆ. ಎಫ್‌ಡಿಎ ಸ್ಪೆಕ್ಟ್ರೋಸ್ಕೋಪಿಯ ಪುರಾವೆ ತನ್ನಿ ಎನ್ನುತ್ತದೆ, ಎಷ್ಟು ಎಲೆಕ್ಟ್ರಾನ್ ವೋಲ್ಟ್ ಸರಿದರೆ ಲವಣ ಎಂದು ಹೇಳುವುದಿಲ್ಲ. ಹೇಳಲು ಸಾಧ್ಯವೂ ಇಲ್ಲ, ಏಕೆಂದರೆ ಒಂದೊಂದು ನೈಟ್ರೋಜನ್‌ನ ಮೂಲ ಜಾಗ ಒಂದೊಂದು. ಅದಕ್ಕಾಗಿ ನ್ಯೂಟ್ರಾನ್‌ನಿಂದ ಪ್ರೋಟಾನ್ ಜಾಗ ಖಚಿತವಾಗಿರುವ ಹರಳುಗಳನ್ನೇ ಮೊದಲು ಎಕ್ಸ್‌ಪಿಎಸ್, ನೆಕ್ಸಾಫ್ಸ್‌ನಲ್ಲಿಟ್ಟು ಅಳೆಯಬೇಕು. ಅದರಲ್ಲೂ ಪಿಕೆಎ ವ್ಯತ್ಯಾಸ ಮೈನಸ್ 1ರಿಂದ 4ರ ನಡುವೆ ಇರುವಂಥವನ್ನು ಆರಿಸಬೇಕು. ಘನವಸ್ತುವಿನ ಎನ್ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಪರಮಾಣು ಬೀಜಗಳನ್ನು ವಿಚಾರಿಸುವ ವಿಧಾನ) ಅಳತೆಯನ್ನೂ ಪಕ್ಕದಲ್ಲಿಟ್ಟು, ಕಂಪ್ಯೂಟರ್ ಲೆಕ್ಕಕ್ಕೆ ತಾಳೆ ನೋಡಬೇಕು. ಈ ಆಧಾರ ಇಲ್ಲದೆ ಬಂದ ‘ಎಕ್ಸ್‌ರೇಯಿಂದ ಖಚಿತ’ ಎಂಬ ಮಾತನ್ನು, ಅದರಲ್ಲೂ ವ್ಯತ್ಯಾಸ 1ರ ಹತ್ತಿರ ಇರುವ ಔಷಧದ ವಿಷಯದಲ್ಲಿ, ಇನ್ನೊಂದು ವಿಧಾನದ ಸಾಕ್ಷಿ ಕೇಳದೆ ಒಪ್ಪಿಕೊಳ್ಳಬಾರದು.